ಗಾಳಿಬೀಡಿನಿಂದ ಒಂಬತ್ತು ಕಿಲೋಮೀಟರು

ಮಾರುವವನು ಮೈಸೂರಿನಿಂದ ಬಂದಿದ್ದ, ತೆಳು ಅಂಗಿ,
ಫುಲ್ ಚಾರ್ಜಿಗೆ ಮುನ್ನೂರು ಕಿಲೋಮೀಟರು ಮೇಡಂ, ಎಂದ.
ನನಗೆ ಬೇಕಿರುವುದು ಒಂಬತ್ತು, ಎಂದೆ.
ಹೋಗಲು ಒಂಬತ್ತು, ಬರಲು ಒಂಬತ್ತು,
ನಡುವೆ ಮೀನಿಗೆ ನಿಂತರೆ ಇನ್ನೊಂದರ್ಧ.
ಮುನ್ನೂರು ಇಟ್ಟುಕೊಂಡು ಏನು ಮಾಡಲಿ,
ಅಟ್ಟದ ಮೇಲಿನ ಮದುವೆಯ ಹಂಡೆಯ ಹಾಗೆ?

ಬೇರೆ ಪ್ರಶ್ನೆ ಕೇಳಿದೆ:
ಜನವರಿಯಲ್ಲಿ, ಬೆಳಗಿನ ಐದೂ ನಲವತ್ತಕ್ಕೆ,
ಬೆರಳು ಬೀಗದ ಕೈಗೆ ಮಣಿಯದ ಹೊತ್ತಿಗೆ, ಎಷ್ಟು?
ಅವನು ಕೈಪಿಡಿ ತಿರುವಿದ.
ಸೊನ್ನೆಗಿಂತ ಕೆಳಗಿಳಿದರೆ ಮಾತ್ರ ಬ್ಯಾಟರಿ ಸೊರಗುತ್ತದೆ,
ನಿಮ್ಮದು ಏಳು ಡಿಗ್ರಿ, ಅದು ಚಳಿಯೇ ಅಲ್ಲ.
ಇರಬಹುದು.
ಆ ಪುಸ್ತಕ ನಮ್ಮ ಅಂಗಳದಲ್ಲಿ ಒಂದು ರಾತ್ರಿ ಮಲಗಿಲ್ಲ.

ಮೈದುನ ಬೆಳ್ಯಪ್ಪನದು ಡೀಸೆಲ್ ಜೀಪಿನ ಪಕ್ಷ.
ಆ ಜೀಪಿಗೆ ರಾತ್ರಿ ಗೋಣಿ ಹೊದಿಸಬೇಕು,
ಬೆಳಿಗ್ಗೆ ಬೈದು ಎಬ್ಬಿಸಬೇಕು,
ಹತ್ತು ನಿಮಿಷ ಕೆಮ್ಮಿ, ಹೊಗೆ ಉಗುಳಿ,
ಎಂಜಿನ್ನು ಬಿಸಿಯಾಯಿತು ಅನ್ನುವಷ್ಟರಲ್ಲಿ
ಆಸ್ಪತ್ರೆಯ ಗೇಟು.
ಆದರೂ ಅವನ ವಾದ: ಸದ್ದಿಲ್ಲದ ಗಾಡಿ ಎದುರು ಬಂದರೆ
ಆನೆಗೆ ಗೊತ್ತಾಗುವುದು ಹೇಗೆ, ಅತ್ತಿಗೆ?
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ನಾನು ರಕ್ತ ತೆಗೆಯುವವಳು, ಹದಿನೆಂಟು ವರ್ಷದಿಂದ.
ಚಳಿಗಾಲದ ತೋಳು ನನಗೆ ಗೊತ್ತು.
ನರ ಒಳಗೆ ಸರಿದು ಅವಿತುಕೊಳ್ಳುತ್ತದೆ,
ರಕ್ತ ಇಲ್ಲವೆಂದಲ್ಲ, ಹೊರಗೆ ಬರಲು ಮನಸ್ಸಿಲ್ಲ.
ಉಜ್ಜಬೇಕು, ಊರ ಸುದ್ದಿ ಕೇಳಬೇಕು, ಕಾಯಬೇಕು.
ಬ್ಯಾಟರಿಯದೂ ಇದೇ ಕತೆ ಎಂದವನು
ಕುಶಾಲನಗರದ ಗ್ಯಾರೇಜಿನ ಹಂಝ.
ಚಿಕ್ಕದು ತಗೊಳ್ಳಿ ಸಿಸ್ಟರ್, ಸೆಕೆಂಡ್ ಹ್ಯಾಂಡ್ ಸಾಕು,
ಗಾಳಿ ಬಿಸಿ ಮಾಡಲು ಹೋದರೆ ಚಾರ್ಜು ಕುಡಿದುಬಿಡುತ್ತದೆ,
ಸೀಟು ಬಿಸಿಯಾಗುವಂಥದ್ದು ನೋಡಿ.
ಕುಂತ ಜಾಗ ಬೆಚ್ಚಗಿದ್ದರೆ
ಮನುಷ್ಯ ಉಳಿದದ್ದಕ್ಕೆ ತಕರಾರು ಮಾಡುವುದಿಲ್ಲ.

ಬೂದು ಬಣ್ಣದ್ದೊಂದು ಸಿಕ್ಕಿತು. ಒಂದು ಬಾಗಿಲು ಬೇರೆಯದೇ ಬೂದು.
ಪಲ್ಪರ್ ಮೋಟರಿನ ಪಕ್ಕದ ಪ್ಲಗ್ಗು ಅದರ ಕೊಟ್ಟಿಗೆ;
ಕಾಫಿಹಣ್ಣಿನ ಹುಳಿ ವಾಸನೆಯಲ್ಲಿ ರಾತ್ರಿಯಿಡೀ
ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

ಮೂರನೆಯ ವಾರ ಆನೆ ಬಂತು. ರಸ್ತೆಗಲ್ಲ,
ಬೈನೆ ಮರಕ್ಕೆ. ಮರ ಲೈನಿನ ಮೇಲೆ ಬಿತ್ತು.
ಎರಡು ರಾತ್ರಿ ಕರೆಂಟಿಲ್ಲ.
ಮೂರನೆಯ ಬೆಳಗು ಪರದೆಯಲ್ಲಿ ಇಪ್ಪತ್ತಮೂರು.
ಬೆಳ್ಯಪ್ಪ ಜೀಪಿನ ಕೀ ಹಿಡಿದು ಜಗಲಿಯಲ್ಲಿ ನಿಂತಿದ್ದ,
ಮಾತಾಡಲಿಲ್ಲ. ಮಾತಾಡಿದ್ದರೆ ವಾಸಿಯಿತ್ತು.

ಬಿಸಿನೀರಿನ ರಬ್ಬರ್ ಚೀಲ ಮಡಿಲಲ್ಲಿ. ಹೀಟರ್ ಬಂದ್.
ಸೀಟೂ ಬಂದ್.
ತಿರುವಿನಲ್ಲಿ ಕುಸುಮಾವತಿ ಹತ್ತಿದಳು,
ಆಸ್ಪತ್ರೆಯ ಅಡುಗೆಮನೆಯವಳು.
ಇಬ್ಬರ ಉಸಿರಿಗೆ ಗಾಜು ಬೆಳ್ಳಗಾಯಿತು,
ಅವಳು ಶಾಲಿನ ತುದಿಯಿಂದ ಒರೆಸುತ್ತ, ನಾನು ಅಂಕಿ ಎಣಿಸುತ್ತ,
ಇಪ್ಪತ್ತೆರಡು. ಏರು. ಇಪ್ಪತ್ತು. ಹದಿನೆಂಟು.
ಮಾತಾಡಬೇಡ, ಮಂಜಾಗುತ್ತದೆ, ಎಂದೆ.
ಅವಳಿಗೆ ನಗು ತಡೆಯಲಾಗಲಿಲ್ಲ, ಮತ್ತಷ್ಟು ಮಂಜಾಯಿತು.
ಒಂದು ಇಳಿಜಾರಿನಲ್ಲಿ ಹದಿನೆಂಟು ಹತ್ತೊಂಬತ್ತಾಯಿತು,
ಚಿಲ್ಲರೆ ಮರೆತು ಹೊರಟವಳನ್ನು
ಕೂಗಿ ಕರೆದು ಕೊಡುವ ಅಂಗಡಿಯವನ ಹಾಗೆ.
ಗೇಟಿನಲ್ಲಿ ಹದಿನೇಳು.

ಲ್ಯಾಬಿನ ಕಿಟಕಿಯಿಂದ ವಯರು ಇಳಿಸಿದೆವು.
ದೊಡ್ಡ ಡಾಕ್ಟರು ಬರುವುದು ಹತ್ತಕ್ಕೆ,
ಅಷ್ಟರಲ್ಲಿ ಎಷ್ಟು ಕುಡಿಯುತ್ತದೋ ಕುಡಿಯಲಿ.

ದಿನದ ಮೊದಲ ತೋಳು ಮೇಕೇರಿಯ ಅಜ್ಜನದು,
ಬರಿಹೊಟ್ಟೆ, ಮಂಜುಗಡ್ಡೆಯಂಥ ಕೈ, ನರ ಎಲ್ಲಿದೆಯೋ.
ಇನ್ನೂ ಬೆಚ್ಚಗಿದ್ದ ಚೀಲವನ್ನು ಮೊಣಕೈ ಮಡಿಕೆಯ ಮೇಲಿಟ್ಟೆ.
ಮುಷ್ಟಿ ಬಿಗಿಹಿಡಿಯಿರಿ, ಅವಸರವಿಲ್ಲ.
ಅಜ್ಜ ಕಿಟಕಿಯಾಚೆ ಬಗ್ಗಿ ನೋಡಿದರು,
ವಯರು ಹೋದ ದಾರಿ ಹಿಡಿದು ಬೂದು ಬಾಗಿಲ ತನಕ.
ಕರೆಂಟಿನದೋ?
ಹೌದು.
ಫುಲ್ ಚಾರ್ಜಿಗೆ ಎಷ್ಟು ಓಡುತ್ತದೆ, ಮಗಳೇ?